ಆರನೆಯ ಗ್ಲಾಸು

ಪಕ್ಕದಲ್ಲಿ ಕೂತವನ ಮೊಣಕೈ ಮೂರನೆಯ ಸಲ ಚೀಲಕ್ಕೆ ತಾಗಿದಾಗ ಬಸವಲಿಂಗನಿಗೆ ಇದು ಬಸ್ಸಿನ ಕುಲುಕಾಟವಲ್ಲ, ಬೇಕೆಂದೇ ಮಾಡುತ್ತಿರುವುದು ಅನ್ನಿಸಿತು. ಬೈಲಹೊಂಗಲ ಬಿಟ್ಟಾಗಿನಿಂದ ಆ ಮನುಷ್ಯನ ಕಣ್ಣು ಚೀಲದ ಮೇಲೇ ಇತ್ತು. 'ಮ್ಯಾಲೆ ಇಡ್ರಲ್ಲ ಸಾವಕಾರ್ರ, ತೊಡೀ ಮ್ಯಾಲೆ ಯಾಕ ಹೊತಗೊಂಡು ಕುಂತೀರಿ' ಎಂದು ಒಮ್ಮೆ ಅಂದೂ ಬಿಟ್ಟಿದ್ದ. ಇವನಿಗೇನು ಬಂತು ಅಷ್ಟು ಕಾಳಜಿ? ಬಸವಲಿಂಗ ಚೀಲವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿ, ನಿದ್ದೆ ಬಂದವನ ಹಾಗೆ ಕಣ್ಣು ಅರ್ಧ ಮುಚ್ಚಿದ. ಅರ್ಧ ಮಾತ್ರ. ಚೀಲದಲ್ಲಿದ್ದದ್ದು ಎರಡು ಟವೆಲ್ಲು ಸುತ್ತಿದ ಒಂದು ಗಾಜಿನ ಗ್ಲಾಸು, ಒಂದು ಭೂತಗನ್ನಡಿ, ಡಬ್ಬಿಯೊಳಗೆ ಒಂದು ಹೊಸ ಚಾಳೀಸು. ಕದಿಯುವವನಿಗೆ ಈ ಮೂರರಿಂದ ಏನೂ ಗಿಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಂಶಯ ಹೋಗುವುದಾಗಿದ್ದರೆ ಅವನು ಈ ಹೊತ್ತಿಗೆ ಬೈಲಹೊಂಗಲದ ಪೇಟೆಯಲ್ಲಿ ತನ್ನ ಚಷ್ಮಾ ಅಂಗಡಿಯಲ್ಲಿ ಕೂತು ಯಾರದೋ ಕಣ್ಣಿನ ನಂಬರು ನೋಡುತ್ತಿದ್ದ. ಹೀಗೆ ಮಂಗಳವಾರದ ದಿವಸ, ಹಣೆತುಂಬ ಭಂಡಾರ ಬಳಿದುಕೊಂಡ ಯಲ್ಲಮ್ಮನ ಭಕ್ತರ ನಡುವೆ ಸಿಕ್ಕಿಕೊಂಡು, ಸವದತ್ತಿಯ ಮೇಲೆ ಹಾದು ರಾಮದುರ್ಗಕ್ಕೆ ಹೋಗುತ್ತಿರಲಿಲ್ಲ.

ಅವನು ಹೋಗುತ್ತಿದ್ದದ್ದು ಒಬ್ಬ ಕಳ್ಳನ ಮನೆಗೆ. ಹಾಗೆಂದು ಮನಸ್ಸಿನಲ್ಲೇ ಅಂದುಕೊಂಡಾಗ ಒಂದು ಥರದ ಸಮಾಧಾನವಾಗುತ್ತಿತ್ತು. ಕಳ್ಳನ ಹೆಸರು ಶಟ್ಟೆಪ್ಪ. ಸಂಪಗಾಂವದಲ್ಲಿ ತಮ್ಮ ಮನೆಗೆ ಸಂಬಳಕ್ಕಿದ್ದ ಆಳು, ಅರವತ್ತೇಳರಲ್ಲಿ ಕೆಲಸ ಬಿಟ್ಟು ಹೋಗುವಾಗ ಒಂದು ಗ್ಲಾಸು ಹೊಡೆದುಕೊಂಡು ಹೋದವನು. ಅಪ್ಪ ರಾಮಲಿಂಗಪ್ಪ ಹುಬ್ಬಳ್ಳಿಯಿಂದ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ತಂದಿದ್ದ ಆರರ ಸೆಟ್ಟಿನಲ್ಲಿ ಅದು ಆರನೆಯದು. ಹೊಂಬಣ್ಣದ ಗಾಜು, ಮೈಮೇಲೆ ಬಳ್ಳಿ, ಬಳ್ಳಿಯ ಮೇಲೆ ಮೂರು ಗಿಣಿ. ಬೆಳಕಿಗೆ ಹಿಡಿದು ಸ್ವಲ್ಪ ತಿರುಗಿಸಿದರೆ ನೀಲಿ, ನೇರಳೆ, ಹಸಿರು ಒಂದರ ಮೇಲೊಂದು ಜಾರಿ ಬರುತ್ತಿದ್ದವು, ಬಸ್‌ಸ್ಟ್ಯಾಂಡಿನ ಹೊಂಡದ ನೀರಿನ ಮೇಲೆ ಡೀಸೆಲ್ ಹರಡಿದಾಗ ಬರುತ್ತವಲ್ಲ, ಹಾಗೆ. ಇದ್ದದ್ದು ಗಿಣಿಯಾದರೂ ಮನೆಯಲ್ಲಿ ಎಲ್ಲರೂ ಅವಕ್ಕೆ ನವಿಲು ಗ್ಲಾಸು ಎನ್ನುತ್ತಿದ್ದರು. ಕಾರ್ನಿವಲ್ ಗ್ಲಾಸು ಎಂಬ ಹೆಸರು ಬಸವಲಿಂಗನಿಗೆ ಗೊತ್ತಾದದ್ದು ತೊಂಬತ್ತನಾಲ್ಕರಲ್ಲಿ, ಬೆಳಗಾವಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಕೊಟ್ಟಾಗ. ಗಾಜು ಇನ್ನೂ ಬಿಸಿ ಇರುವಾಗಲೇ ಅದರ ಮೇಲೆ ಲೋಹದ ಉಪ್ಪಿನ ನೀರು ಸಿಂಪಡಿಸುತ್ತಾರೆ, ಬಣ್ಣವೆಲ್ಲ ಆ ಮೇಲಿನ ಪೊರೆಯದು, ಒಳಗಿನ ಗಾಜು ಬೇರೆಯೇ ಬಣ್ಣ. ಮೇಲೊಂದು ಬಣ್ಣ, ಒಳಗೊಂದು ಬಣ್ಣ! ಆ ಸಾಲು ಓದಿದ ದಿವಸ ಬಸವಲಿಂಗನಿಗೆ ತನ್ನ ಸ್ವಭಾವಕ್ಕೆ ತಕ್ಕ ಹುಚ್ಚು ಸಿಕ್ಕಿತ್ತು.

ಅಂದಿನಿಂದ ಅವನು ನೇಸರಗಿ, ಕಿತ್ತೂರು, ಸವದತ್ತಿ ಎಂದು ಮನೆ ಮನೆ ಹೊಕ್ಕು ಹುಡುಕಿದ. ಕೈಯ ಆಕಾರದ ಹೂದಾನಿ, ಆನೆಯ ಸೊಂಡಿಲಿನ ಹೂದಾನಿ, ಬಳ್ಳಿಯ ಗ್ಲಾಸು. ಯಾರು ಏನು ತೋರಿಸಿದರೂ ಮೊದಲು ಸುಳ್ಳು ಎಂದೇ ಹಿಡಿಯುತ್ತಿದ್ದ. ತಳವನ್ನು ಬಿಸಿಲಿಗೆ ಹಿಡಿದು ಒಳಬಣ್ಣ ನೋಡುವುದು, ಅಚ್ಚಿನ ಕೂಡುಗೆರೆಗಳ ಮೇಲೆ ಉಗುರು ಎಳೆಯುವುದು, ಎಲ್ಲಿ ಸವೆದಿದೆ ಎಂದು ಭೂತಗನ್ನಡಿಯಲ್ಲಿ ಹುಡುಕುವುದು. ಸವಕಳಿ ಎಂದೂ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಕಿತ್ತೂರಿನ ರಾಚವ್ವ ಎಂಬ ಮುದುಕಿ ತನ್ನ ಮದುವೆಯ ಹೂದಾನಿ ಎಂದು ತೋರಿಸಿದಾಗ ಇವನು ಅರ್ಧ ತಾಸು ಅದರ ತಳ ನೋಡಿದ್ದ. 'ಹೂದಾನಿ ನೋಡಾಕತ್ತೀಯೋ, ನನ್ನ ಮದುವಿ ಆಗೈತೋ ಇಲ್ಲೋ ನೋಡಾಕತ್ತೀಯೋ?' ಎಂದು ಆಕೆ ಕೇಳಿದ್ದಳು. ಪಕ್ಕದ ಜವಳಿ ಅಂಗಡಿಯ ಸೋಮಪ್ಪ ದಿನಾ ಹತ್ತೂವರೆಗೆ ಇವನ ಅಂಗಡಿಗೆ ಚಹಾಕ್ಕೆ ಬರುವವನು, ಈ ಕತೆಯನ್ನು ಊರಿಗೆಲ್ಲ ಹಂಚಿದ. ಬಸವಲಿಂಗ ಮಾತ್ರ ತನ್ನ ಸಂಗ್ರಹವನ್ನು ಅಂಗಡಿಯಲ್ಲೇ, ಚಾಳೀಸಿನ ಫ್ರೇಮುಗಳ ಮೇಲಿನ ಗಾಜಿನ ಕಪಾಟಿನಲ್ಲಿ ಜೋಡಿಸಿ, ಪ್ರತಿಯೊಂದರ ಮುಂದೆ ಒಂದು ಕಾರ್ಡು ಬರೆದಿಟ್ಟ. ನಟ್ಟನಡುವೆ ಮನೆಯ ಐದು ಗ್ಲಾಸು. ಅದರ ಕಾರ್ಡು: 'ಆರರ ಸೆಟ್ಟು. ಸಂಪಗಾಂವ. ಒಂದು, ಆಳಿನಿಂದ ಕಳುವಾಗಿದೆ.'

ಆ ಐದೂ ಮಬ್ಬು. ಅದೇ ಅವನ ಹೊಟ್ಟೆಯೊಳಗಿನ ಬೆಂಕಿ. ಅವ್ವ ಸುಂದರವ್ವನ ಕೈ ಅಂಥದು. ಮನೆಗೆ ಪೂಜೆಗೆಂದು ಮಠದ ಅಯ್ಯನವರು ಬರುವ ಹಿಂದಿನ ದಿನ ನವಿಲು ಗ್ಲಾಸು ಇಳಿಸಿ, ಒಲೆಯ ಬೂದಿ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕುತ್ತಿದ್ದಳು. ಆಕೆಯ ಲೆಕ್ಕದಲ್ಲಿ ಆ ಹೊಳಪು ಹೊಳಪಲ್ಲ, ಜಿಡ್ಡು. ಅಂಗಡಿಯವನ ಎಣ್ಣೆಗೈ ತಾಗಿ ಹಾಗಾಗಿದೆ, ಮಡಿ ಮನೆಯಲ್ಲಿ ಎಣ್ಣೆಯ ಜಿಡ್ಡು ಇರಬಾರದು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ, ಕಡೆಗೊಂದು ದಿನ ಐದೂ ಸೀಮೆಎಣ್ಣೆ ಬಾಟಲಿಯ ಹಾಗೆ ಬಿಳಚಿಕೊಂಡಾಗ 'ಹೋತ ನೋಡು ಜಿಡ್ಡ' ಎಂದು ಬಿಸಿಲಿಗೆ ಹಿಡಿದು ಸಂತೋಷಪಟ್ಟಿದ್ದಳಂತೆ. ಬಸವಲಿಂಗನಿಗೆ ಇದು ತಿಳಿದ ಮೇಲೆ ಎರಡು ದಿನ ಊಟ ಸೇರಿರಲಿಲ್ಲ. 'ಹಾಂಗಂತ ನನಗೇನ ಗೊತ್ತಿತ್ತೋ ಯಪ್ಪಾ, ಹೊಲಸ ಅಂತ ತಿಳಕೊಂಡಿದ್ದೆ' ಎಂದಿದ್ದಳು ಅವ್ವ. ಅಂದಮೇಲೆ ಬಣ್ಣವಿರುವ ಗ್ಲಾಸು ಜಗತ್ತಿನಲ್ಲಿ ಉಳಿದಿದ್ದರೆ ಅದು ಒಂದೇ, ಕದ್ದು ಹೋದದ್ದು.

ಹದಿನೈದು ದಿನದ ಹಿಂದೆ ಒಬ್ಬ ಅಂಗಡಿಗೆ ಬಂದ. ಮೂವತ್ತೇಳು ಮೂವತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ತಂದೆಗೆ ಕಣ್ಣಿನ ಪೊರೆ ತೆಗೆಸಿದ್ದೇನೆ, ಚಾಳೀಸು ಬೇಕು ಎಂದು ಡಾಕ್ಟರ ಚೀಟಿ ಕೊಟ್ಟ. ಬಸವಲಿಂಗ ನಂಬರು ಬರೆದುಕೊಳ್ಳುತ್ತಿದ್ದಾಗ ಅವನು ಕಪಾಟಿನ ಮುಂದೆ ನಿಂತು ನಡುವಿನ ಕಾರ್ಡು ಓದಿದ. ಅಷ್ಟು ಸಣ್ಣ ಕಾರ್ಡು ಓದುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ. ಆಮೇಲೆ ತಿರುಗದೆಯೇ ಹೇಳಿದ: 'ಇಂಥಾದ್ದೊಂದು ನಮ್ಮ ಮನ್ಯಾಗೂ ಐತ್ರಿ ಸರ. ಆದರ ನಮ್ದು ಇಷ್ಟ ಮಬ್ಬಿಲ್ರಿ.' ಬಸವಲಿಂಗನ ಪೆನ್ನು ನಿಂತಿತು. ಪೇಶಂಟಿನ ಹೆಸರು ಕೇಳಿದ. 'ಶಟ್ಟೆಪ್ಪ. ಈಗ ರಾಮದುರ್ಗ. ಮೂಲ ನಿಮ್ಮ ಸಂಪಗಾಂವರಿ.' ತಾನು ಅರ್ಜುನ, ರಾಮದುರ್ಗದಲ್ಲಿ ಸರ್ವೇಯರ್ ಎಂದೂ ಹೇಳಿದ. 'ನಾನೇ ತಂದ ಕೊಡತೇನಿ, ರಾಮದುರ್ಗದಾಗ ನನಗ ಕೆಲಸ ಐತಿ' ಎಂದು ಬಸವಲಿಂಗ ಸುಳ್ಳು ಹೇಳಿದಾಗ ಅರ್ಜುನನ ಮುಖದಲ್ಲಿ ಏನೂ ಕಾಣಲಿಲ್ಲ. ಅದೇ ಅವನನ್ನು ಹದಿನೈದು ದಿನ ಕೊರೆದದ್ದು. ಕದ್ದ ಮಾಲು ಇಟ್ಟುಕೊಂಡವನ ಮಗ ತಾನಾಗಿ ಬಂದು ಯಾಕೆ ಹೇಳುತ್ತಾನೆ? ಮಾರುವುದಕ್ಕೋ? ಅಣಕಿಸುವುದಕ್ಕೋ?

ಬೆಳಿಗ್ಗೆ ಹೊರಡುವಾಗ ಅವ್ವ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದ್ದರೂ ಕೈ ಸುಮ್ಮನಿರುವ ಪೈಕಿಯಲ್ಲ. 'ಯವ್ವಾ, ಆ ಆರನೇ ಗ್ಲಾಸು ಶಟ್ಟೆಪ್ಪನೇ ಒಯ್ದಿದ್ದ, ಹೌದಿಲ್ಲೊ?' ಎಂದು ಕೇಳಿದ. 'ಒಯ್ದ.' 'ಕೇಳದನ?' ಅವ್ವ ತಲೆ ಎತ್ತಿ ಅವನನ್ನು ನೋಡಿದಳು. 'ಅದನ್ನ ಅಂವ ಯಾರನ್ನ ಕೇಳಬೇಕಾಗಿತ್ತಪಾ?' ಎಂದು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಅದೇ ಮತ್ತೆ, ಕೇಳದೆ ಒಯ್ದರೆ ಕಳುವಲ್ಲದೆ ಇನ್ನೇನು ಎಂದುಕೊಂಡು ಬಸವಲಿಂಗ ಚಪ್ಪಲಿ ಮೆಟ್ಟಿದ್ದ. ಈಗ ಬಸ್ಸು ಸವದತ್ತಿ ದಾಟಿ ಮಲಪ್ರಭೆಯ ಸೇತುವೆಗೆ ಬಂದಾಗ ಆ ಮಾತು ಚಪ್ಪಲಿಯೊಳಗಿನ ಹರಳಿನ ಹಾಗೆ ಒತ್ತಿತು. ಯಾರನ್ನ ಕೇಳಬೇಕಾಗಿತ್ತು ಅಂದರೆ? ಯಜಮಾನನನ್ನು, ಇನ್ಯಾರನ್ನು.

ಅರ್ಜುನನ ಮನೆ ಹೊಸ ಬಡಾವಣೆಯಲ್ಲಿ, ಎರಡು ಕೋಣೆಯ ಸ್ಲ್ಯಾಬಿನ ಮನೆ, ಬಾಗಿಲಿಗೆ ಹಸಿರು ಬಣ್ಣ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಬುದ್ಧ, ಕೆಳಗೆ ಟೀವಿ. ಇಷ್ಟು ನೆಟ್ಟಗಿನ ಮನೆಯನ್ನು ತಾನು ನಿರೀಕ್ಷಿಸಿರಲಿಲ್ಲ ಎಂಬುದು ಹೊಳೆದು ಬಸವಲಿಂಗನಿಗೆ ತನ್ನ ಮೇಲೇ ಕಿರಿಕಿರಿಯಾಯಿತು. ಅರ್ಜುನ 'ಬರ್ರಿ ಸರ, ಕೂಡ್ರಿ' ಎಂದು ಖುರ್ಚಿ ಎಳೆದ. ಅವನ ಹೆಂಡತಿ ಮಾಲಾ ಅಂಗನವಾಡಿ ಟೀಚರು, ಆಗಷ್ಟೇ ಕೆಲಸದಿಂದ ಬಂದವಳು, ಸ್ಟೀಲಿನ ತಂಬಿಗೆಯಲ್ಲಿ ನೀರು, ಅದರ ಮೇಲೊಂದು ಲೋಟ ಮುಚ್ಚಿಕೊಂಡು ಬಂದಳು. ಬಸವಲಿಂಗ ಈ ವಿಷಯದಲ್ಲಿ ತಾನು ಸುಧಾರಿಸಿದವನು ಎಂದೇ ತಿಳಿದಿದ್ದ. ಅಂಗಡಿಯಲ್ಲಿ ಎಲ್ಲರ ಕಣ್ಣೂ ಮುಟ್ಟುತ್ತಾನೆ, ಹೋಟೆಲಿನಲ್ಲಿ ಯಾರ ಪಕ್ಕದಲ್ಲೂ ಕೂರುತ್ತಾನೆ. ಆದರೆ ಲೋಟ ಹಿಡಿದಾಗ ಕೈ ಒಂದು ಕ್ಷಣ ತಡೆಯಿತು, ಅದೊಂದೇ ಕ್ಷಣ. ಮಾಲಾ ಅದನ್ನು ನೋಡಿದಳು ಎಂದು ಅವನಿಗೆ ಖಾತ್ರಿಯಾಯಿತು. ಇವರು ಪರೀಕ್ಷೆ ಮಾಡುತ್ತಿದ್ದಾರೆ. ನೀರು ಕೊಟ್ಟದ್ದೇ ಅದಕ್ಕೆ. ತಾನು ಪಾಸಾಗಬೇಕೆಂದು ಗಟಗಟ ಕುಡಿಯಹೋಗಿ ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಮೂಗು ಒಂದಾಗಿ ಅಂಗಿಯೆಲ್ಲ ತೋಯ್ದುಹೋಯಿತು. 'ಸಾವಕಾಶ ಕುಡೀರಿ ಸರ, ನೀರಿಗೇನ ಬರ ಇಲ್ರಿ ನಮ್ಮನ್ಯಾಗ' ಎಂದಳು ಮಾಲಾ. ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಟವೆಲ್ಲು ತಂದುಕೊಟ್ಟಳು.

ಶಟ್ಟೆಪ್ಪ ಹಿತ್ತಲಲ್ಲಿ ಜಳಕ ಮಾಡುತ್ತಿದ್ದ. ತಂಬಿಗೆಯ ಸದ್ದು ಕೇಳುತ್ತಿತ್ತು. ಬಸವಲಿಂಗ ಚಾಳೀಸಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆದಷ್ಟು ಸಹಜವಾಗಿ, 'ಆ ಗ್ಲಾಸು ನೋಡಬಹುದೇನ್ರಿ' ಎಂದ. ಅರ್ಜುನ ಒಳಗಿನ ಟ್ರಂಕಿನಿಂದ ಹಳೇ ಧೋತರದ ತುಂಡಿನಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದ. ಕಿಟಕಿಯ ಬಿಸಿಲು ನೇರ ಬಿತ್ತು. ಎಂಟು ವರ್ಷದಿಂದ ಝೆರಾಕ್ಸಿನ ಕಪ್ಪು ಬಿಳುಪು ಚಿತ್ರಗಳಲ್ಲಿ ಊಹಿಸಿಕೊಂಡಿದ್ದ ಬಣ್ಣವೆಲ್ಲ ಅಲ್ಲಿತ್ತು. ಗಿಣಿಯ ಬೆನ್ನಿನ ಮೇಲೆ ನೇರಳೆ, ಬಳ್ಳಿಯ ಸಂದಿಯಲ್ಲಿ ಹಸಿರು, ಅಂಚಿನ ಸುತ್ತ ಬೆಂಕಿಯಂಥ ಹೊನ್ನು. ಗ್ಲಾಸನ್ನು ಎತ್ತಿಕೊಂಡಾಗ ಮಗುವನ್ನು ಎತ್ತಿಕೊಂಡಷ್ಟು ಪ್ರೀತಿ ಬಂತು, ಅದರ ಹಿಂದೆಯೇ ಸಿಟ್ಟು. ನಮ್ಮದು ಇದು. ಇವರ ಟ್ರಂಕಿನಲ್ಲಿ ಮೂವತ್ತೈದು ವರ್ಷ.

ಅವನು ತನ್ನ ಚೀಲದಿಂದ ಮಬ್ಬು ಗ್ಲಾಸು ತೆಗೆದು ಅದರ ಪಕ್ಕದಲ್ಲಿಟ್ಟ, ಕೋರ್ಟಿನಲ್ಲಿ ಸಾಕ್ಷಿ ನಿಲ್ಲಿಸುವವನ ಹಾಗೆ. 'ಇಲ್ಲಿ ನೋಡ್ರಿ. ಮೂರು ಗಿಣಿ ಅದಾವ. ಮೂರನೇ ಗಿಣಿಗೆ ಕೊಕ್ಕಿಲ್ಲ. ಅಚ್ಚಿನೊಳಗಿನ ದೋಷ ಅದು. ನಮ್ಮ ಐದಕ್ಕೂ ಹಿಂಗ ಐತಿ.' ಹೊಳೆಯುವ ಗ್ಲಾಸನ್ನು ತಿರುಗಿಸಿ, ಭೂತಗನ್ನಡಿ ಹಿಡಿದ. ಒಂದನೇ ಗಿಣಿ, ಎರಡನೇ ಗಿಣಿ. ಮೂರನೆಯದರ ಮುಖ ಬೋಳು. 'ನೋಡ್ರಿ! ಒಂದೇ ಅಚ್ಚು, ಒಂದೇ ಪೆಟ್ಟಿಗಿ. ಇದು ನಮ್ಮ ಮನೀದು.' ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿತ್ತು. ಒಳಗೆ ಮಾಲಾಳ ಪಾತ್ರೆಯ ಸದ್ದು ನಿಂತಿತು.

'ನಿಮ್ಮನೀದೇ ಸರ. ಇಲ್ಲ ಅಂದವರ್ಯಾರು?' ಎಂದ ಅರ್ಜುನ. 'ನಮ್ಮಪ್ಪ ಅದನ್ನ ಮುಚ್ಚಿಟ್ಟಿಲ್ಲ. ಸಣ್ಣ ಸಾವಕಾರ್ರು ಕೊಟ್ಟದ್ದು ಅಂತ ಹೇಳಕೋತ ಬಂದಾನ. ಊರಾಗ ಮಾತ್ರ ಕದ್ದದ್ದು ಅಂತಾರ. ನಮ್ಮ ಅಕ್ಕನ ಮದುವಿ ಮಾತುಕತಿ ಆ ಒಂದ ಮಾತಿಗೆ ಮುರದ ಬಿತ್ತರಿ, ಗ್ಲಾಸ ಕದ್ದವನ ಮಗಳು ಅಂತ. ಮೊನ್ನಿ ನಿಮ್ಮ ಅಂಗಡ್ಯಾಗ ಅದನ್ನೇ ಬರದ ಹಚ್ಚಿದ್ದು ನೋಡಿದೆ. ಅದಕ್ಕ ಕೇಳೂದು ಐತಿ. ನೀವು ಗಾಜು ನೋಡಿ ಅದರ ಹುಟ್ಟು ಹೇಳಾವರು. ನಾನು ನೆಲ ಅಳ್ಯಾವ, ನನಗ ಗಾಜು ತಿಳಿಯೂದಿಲ್ಲ. ಹೇಳ್ರಿ. ಒಂದೇ ಪೆಟ್ಟಿಗ್ಯಾಗ ಬಂದ ಗ್ಲಾಸು. ನಿಮ್ಮವು ಯಾಕ ಬೆಳ್ಳಗಾದೂವು, ನಮ್ದು ಯಾಕ ಹಿಂಗ ಉಳೀತು?'

ಬಸವಲಿಂಗನಿಗೆ ಪ್ರಶ್ನೆ ಇಷ್ಟವಾಯಿತು. ಇದು ಅವನ ಹೊಲ. ಬಣ್ಣ ಮೇಲಿನ ಪೊರೆ ಮಾತ್ರ, ಬೂದಿ ಹಾಕಿ ತಿಕ್ಕಿದರೆ ಸವೆಯುತ್ತದೆ, ನಮ್ಮ ಅವ್ವ ಹೀಗೆ ಹೀಗೆ ಮಾಡಿದಳು ಎಂದು ವಿವರಿಸತೊಡಗಿದ. 'ಇದಕ್ಕ ಬೂದಿ ತಾಕೇ ಇಲ್ಲ ನೋಡ್ರಿ. ಬರೇ ನೀರಾಗ ಗಲಬರಿಸಿ ಇಟ್ಟಾರ. ಟ್ರಂಕಿನ್ಯಾಗ ಇಟ್ಟರ ಸಾಲದು, ಬಳಸೂ ಮುಂದನೂ ಯಾರೂ ತಿಕ್ಕಿಲ್ಲ ಇದನ್ನ. ಅಂದ್ರ ಇದು ಅಡಗಿಮನಿ ಪಾತ್ರೆಗಳ ಕೂಡ...' ಅಲ್ಲಿಗೆ ನಿಂತ. ಅಡಿಗೆಮನೆಯ ಪಾತ್ರೆಗಳ ಜೊತೆ ಇದು ಇರಲೇ ಇಲ್ಲ. ಸುಂದರವ್ವನ ಮನೆಯಲ್ಲಿ ಇದ್ದೂ ಸುಂದರವ್ವನ ಬೂದಿ ತಾಗದ ವಸ್ತು ಯಾವುದು? ರೂಢಿಯ ಕೈ ಭೂತಗನ್ನಡಿಯನ್ನು ತಳಕ್ಕೆ ಒಯ್ದಿತು, ಸವಕಳಿ ನೋಡಲು. ತಳ ನುಣ್ಣಗಿತ್ತು. ಕಪಾಟಿನಲ್ಲಿಟ್ಟ ಗ್ಲಾಸು ತಳದಲ್ಲಿ ಸವೆಯುತ್ತದೆ. ಇದು ಬಾಯಲ್ಲಿ ಸವೆದಿತ್ತು. ಬಾಯಿಯ ಅಂಚಿನ ಸುತ್ತಲೂ ಸಣ್ಣ ಸಣ್ಣ ಗೀರು, ದಿನಕ್ಕೆರಡು ಸಲದಂತೆ ವರ್ಷಗಟ್ಟಲೆ ಒರಟು ಕಲ್ಲಿನ ಮೇಲೆ ಬೋರಲು ಹಾಕಿದರೆ ಮಾತ್ರ ಬೀಳುವಂಥವು.

ಸಂಪಗಾಂವದ ಮನೆಯಲ್ಲಿ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಕಲ್ಲಿನ ಗೂಡು ಇತ್ತು. ಮೊದಲು ಅಲ್ಲಿ ಅಲ್ಯುಮಿನಿಯಂ ಗ್ಲಾಸು ಇರುತ್ತಿತ್ತು. ಮೇಲಿನಿಂದ ಸುರಿದದ್ದನ್ನು ಶಟ್ಟೆಪ್ಪ ಅದರಲ್ಲಿ ಹಿಡಿದು ಕುಡಿದು, ತಾನೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದ. ಒಂದು ದಿನ ಎಮ್ಮೆ ತುಳಿದು ಅದು ಅಪ್ಪಚ್ಚಿಯಾಯಿತು. ಎಂಥ ಬಿಸಿಲು ಅವತ್ತು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ, ಅವ್ವ ಮಠಕ್ಕೆ ಹೋಗಿದ್ದಳು. ಶಟ್ಟೆಪ್ಪ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ನಿಂತಿದ್ದ. ಬೊಗಸೆಯಲ್ಲಿ ಮಣ್ಣಿತ್ತು, ರಕ್ತವೂ ಇತ್ತು, ಕುಡುಗೋಲು ತಾಗಿದ್ದು. ಹತ್ತು ವರ್ಷದ ಬಸು ಒಳಗೆ ಓಡಿ, ಗೂಟದಿಂದ ಕೀಲಿಕೈ ತೆಗೆದು, ನಡುಮನೆಯ ಕಪಾಟು ತೆರೆದು, ಅಪ್ಪ ಆಗಷ್ಟೇ ಹುಬ್ಬಳ್ಳಿಯಿಂದ ತಂದಿಟ್ಟಿದ್ದ, ಎಲ್ಲಕ್ಕಿಂತ ಚೆಂದದ ಗ್ಲಾಸು ತಂದು ಮಜ್ಜಿಗೆ ತುಂಬಿಸಿ ಕೈಯಲ್ಲೇ ಕೊಟ್ಟಿದ್ದ. ಶಟ್ಟೆಪ್ಪ ಹಿಡಿಯಲು ಅಂಜಿದ್ದ. ಗಿಣಿಗಳನ್ನು ನೋಡಿ ನಕ್ಕಿದ್ದ. ಅವನು ಕುಡಿಯುತ್ತಿರುವಾಗಲೇ ಅವ್ವ ಬಾಗಿಲಲ್ಲಿ ಬಂದು ನಿಂತಳು. 'ಯಾರ ಕೊಟ್ರೋ ಅದನ್ನ?' ಈ ಪ್ರಶ್ನೆಗೆ ಬಸು ಹೇಳಿದ ಉತ್ತರ ನಾಲ್ವತ್ತು ವರ್ಷ ಎಲ್ಲಿ ಹೋಗಿ ಕೂತಿತ್ತು? 'ಅವನೇ ಒಳಗ ಬಂದು ತಗೊಂಡ.' ಶಟ್ಟೆಪ್ಪ ಗ್ಲಾಸು ಹಿಡಿದುಕೊಂಡೇ ಅವನನ್ನು ನೋಡಿದ್ದ, ಏನೂ ಹೇಳಿರಲಿಲ್ಲ. ಅಂದಿನಿಂದ ನವಿಲು ಗ್ಲಾಸು ಕೊಟ್ಟಿಗೆಯ ಗೂಡಿಗೆ ಹೋಯಿತು. ಐದು ವರ್ಷ ಅಲ್ಲಿತ್ತು. ಬಿಟ್ಟು ಹೋಗುವಾಗ ಅವನು ಒಯ್ದ. ಬಸವಲಿಂಗ ಆಗ ಧಾರವಾಡದ ಹಾಸ್ಟೆಲಿನಲ್ಲಿದ್ದ. ರಜೆಗೆ ಬಂದಾಗ ಅಪ್ಪ 'ಗ್ಲಾಸು ಹೊಡಕೊಂಡ ಹೋದ' ಎಂದದ್ದು ಎಷ್ಟು ಹಿತವಾಗಿತ್ತು! ತಾನು ಹೇಳಿದ್ದ ಸುಳ್ಳು ಐದು ವರ್ಷ ತಡವಾಗಿ ನಿಜವಾಯಿತು ಅನ್ನಿಸಿತ್ತು.

'ಯಾಕ ಸರ, ನಿಂತ್ರಿ?' ಎಂದ ಅರ್ಜುನ. ಇವನಿಗೆ ಎಲ್ಲ ಗೊತ್ತು, ನನ್ನ ಬಾಯಿಂದಲೇ ಹೊರಡಿಸಲು ಕೂತಿದ್ದಾನೆ ಎಂದು ಬಸವಲಿಂಗನಿಗೆ ಅನ್ನಿಸಿತು. ಗೊತ್ತಿಲ್ಲದೆಯೂ ಇರಬಹುದು. ಯಾವುದು ಹೆಚ್ಚು ಕೆಟ್ಟದ್ದು? ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶಟ್ಟೆಪ್ಪ ತಲೆ ಒರೆಸಿಕೊಳ್ಳುತ್ತ ಬಂದ. ಸಣ್ಣಗಾಗಿದ್ದ, ಬೆನ್ನು ಬಾಗಿತ್ತು. ಅರ್ಜುನ ಹೊಸ ಚಾಳೀಸು ಏರಿಸಿದ. ಮುದುಕ ಗೋಡೆ ನೋಡಿದ, ಸೊಸೆಯನ್ನು ನೋಡಿದ, ಆಮೇಲೆ ಖುರ್ಚಿಯಲ್ಲಿ ಕೂತವನನ್ನು ನೋಡಿ ಎರಡೂ ಕೈ ಮುಗಿದ. 'ಸಣ್ಣ ಸಾವಕಾರ್ರ! ಎಷ್ಟ ದೊಡ್ಡಾವರಾಗೀರಿ.' ಬಸವಲಿಂಗ ಎದ್ದು ನಿಂತ. 'ಆರಾಮ ಇದ್ದೀ' ಎನ್ನಲೋ 'ಆರಾಮ ಇದ್ದೀರಿ' ಎನ್ನಲೋ ತಿಳಿಯದೆ, 'ಆರಾಮ?' ಎಂದಷ್ಟೇ ಅಂದ. ಬಾಲ್ಯದ ನೀನು ಎಂಬುದು ಈ ಮನೆಯಲ್ಲಿ ಹೊರಡಲಿಲ್ಲ, ನೀವು ಎಂಬುದು ನಾಲಿಗೆಗೆ ಬರಲಿಲ್ಲ.

ಶಟ್ಟೆಪ್ಪ ಗ್ಲಾಸು ಎತ್ತಿಕೊಂಡು ಚಾ‍ಳೀಸಿನೊಳಗಿಂದ ಗಿಣಿಗಳನ್ನು ನೋಡಿದ. 'ಈಗ ಚಂದ ಕಾಣತಾವ ನೋಡ್ರಿ. ಮಾಲಾ, ಇದನ್ನ ಕೊಟ್ಟ ಸಾವಕಾರ್ರು ಇವರ. ಹತ್ತ ವರ್ಷದ ಹುಡುಗ, ಏನ ಧೈರ್ಯ ಅಂತೀ. ಆ ಮನ್ಯಾಗ ನನ್ನ ಕೈಯಾಗ ಕೈ ತಾಗಿಸಿ ಕೊಟ್ಟಾವರು ಇವರೊಬ್ಬರ.' ಆಮೇಲೆ ದನಿ ತಗ್ಗಿಸಿ, ಬಸವಲಿಂಗನಿಗೆ ಮಾತ್ರ ಎಂಬಂತೆ, 'ಅವ್ವಾರು ಕೇಳಿದಾಗ ಅಂಜಿದ್ರಿ, ಸಣ್ಣಾವರಿದ್ರಿ. ಅದರಾಗೇನೈತಿ' ಎಂದ. ಕೋಣೆ ಸಣ್ಣದು. ಎಲ್ಲರಿಗೂ ಕೇಳಿಸಿತು. ಅರ್ಜುನ ತಂದೆಯನ್ನು ನೋಡಿದ, ಆಮೇಲೆ ಬಸವಲಿಂಗನನ್ನು. ಆ ಸುಳ್ಳಿನ ಸಂಗತಿ ಅವನಿಗೆ ಗೊತ್ತಿರಲಿಲ್ಲ ಎಂದು ಬಸವಲಿಂಗನಿಗೆ ಆಗ ಖಚಿತವಾಯಿತು, ಈಗ ಗೊತ್ತಾಯಿತು ಎಂದೂ.

'ಬೇಕಾದರ ಒಯ್ರಿ ಸಾವಕಾರ್ರ. ಜೋಡಿ ಆಗಲಿ' ಎಂದು ಶಟ್ಟೆಪ್ಪ ಗ್ಲಾಸು ಚಾಚಿದ. ಬಸವಲಿಂಗನ ಕೈ ಮುಂದೆ ಹೋಯಿತು. ನಾಚಿಕೆಗೆಟ್ಟ ಕೈ, ಇಷ್ಟಾದ ಮೇಲೂ ಹೋಯಿತು. ಅದನ್ನು ಹಿಂದಕ್ಕೆಳೆದು, 'ಬ್ಯಾಡ' ಎಂದ. 'ಇದು ಕದ್ದದ್ದಲ್ಲ ಅರ್ಜುನ ಅವರ. ನಾನೇ ಕೊಟ್ಟಿದ್ದೆ. ಆಮ್ಯಾಲೆ ಅವ್ವನ ಮುಂದ ಸುಳ್ಳು ಹೇಳಿದೆ.' ಹೇಳಿದಾಗ ದೊಡ್ಡದೇನೋ ಆಗಬಹುದು ಎಂದುಕೊಂಡಿದ್ದ. ಏನೂ ಆಗಲಿಲ್ಲ. ಅರ್ಜುನ ಗ್ಲಾಸನ್ನು ಧೋತರದ ತುಂಡಿನಲ್ಲಿ ಸುತ್ತಿದ. 'ಇಲ್ಲಿ ಹೇಳಿದ್ರಿ, ಛಲೋ ಆತು. ಇಲ್ಲಿ ಎಲ್ಲಾರಿಗೂ ಗೊತ್ತಿದ್ದ ಮಾತರಿ ಅದು. ಎಲ್ಲಿ ಬರದೀರಿ, ಅಲ್ಲಿ ಬರೀರಿ.'

ಬಸ್ಸಿನಲ್ಲಿ ವಾಪಸು ಬರುವಾಗ ಚೀಲವನ್ನು ಮೇಲಿನ ಹಲಗೆಯ ಮೇಲೆ ಒಗೆದು ಕೂತಿದ್ದ. ಎಲ್ಲಿ ಬರದೀರಿ, ಅಲ್ಲಿ ಬರೀರಿ. ಅಂಗಡಿಯಲ್ಲಿ? ಸೋಮಪ್ಪನ ಎದುರು, ಬೀಗರ ಎದುರು, ಅಯ್ಯನವರ ಎದುರು? ಅವ್ವನ ಹೆಸರು ಪೇಟೆಯಲ್ಲಿ ಎಳೆದಂತಾಗುವುದಿಲ್ಲವೇ? ಪಾಪ, ಅವ್ವನಿಗೇನು ಗೊತ್ತಿತ್ತು. ತಾನು ಹೇಳಿದ ಸುಳ್ಳನ್ನು ನಂಬಿದವಳು ಆಕೆ. ಈ ಯೋಚನೆಯಲ್ಲಿ ಒಂದು ಬಿಡುಗಡೆಯ ದಾರಿ ಕಂಡಿತು. ಅವ್ವನ ಸಲುವಾಗಿ ಸುಮ್ಮನಿರಬೇಕು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಹಣೆಗೆ ಇಬತ್ತಿ ಹಚ್ಚಿಕೊಂಡು ಕೂತಿದ್ದಳು. ಬಸವಲಿಂಗ ಎದುರಿಗೆ ಕೂತು, 'ಯವ್ವಾ, ಅವತ್ತ ನಾ ಸುಳ್ಳ ಹೇಳಿದ್ದೆ. ಶಟ್ಟೆಪ್ಪ ಒಳಗ ಬಂದಿರಲಿಲ್ಲ. ಗ್ಲಾಸು ನಾನೇ ಕೊಟ್ಟಿದ್ದೆ' ಎಂದ. ಅವ್ವ ತಲೆ ಎತ್ತಿದಳು. ಆಕೆಗೆ ಅವನ ಮೇಲೆ ಕನಿಕರ ಬಂದಂತಿತ್ತು.

'ನನಗ ಗೊತ್ತಿರಲಿಲ್ಲೇನೋ ಹುಚ್ಚಪ್ಪಾ? ಅಂವ ಒಳಗ ಬಂದಿದ್ರ ನಾ ಮನೀ ಎಲ್ಲಾ ತೊಳಸತಿದ್ದೆ. ನಡುಮನಿ, ಅಡಗಿಮನಿ, ಎಲ್ಲಾ ಸಾರಸಬೇಕಾಗತಿತ್ತು, ಗಡಿಗಿ ಒಡಸಬೇಕಾಗತಿತ್ತು. ಅವತ್ತ ಒಂದ ಕೊಡಾ ನೀರಾದರೂ ಸುರದ್ನೇನು? ಗ್ಲಾಸು ಅಷ್ಟ ಹೊರಗ ಇಟ್ಟೆ. ನಿಮ್ಮಪ್ಪಗೂ ಗೊತ್ತಿತ್ತು. ನಮಗ್ಯಾರಿಗೂ ಬ್ಯಾಡಾದದ್ದನ್ನ ಅಂವ ಒಯ್ದ. ಊರಮಂದಿ ಕೇಳಿದಾಗ ಏನರ ಹೇಳಬೇಕಲ್ಲ, ಕದ್ದ ಅಂದ್ರು. ಮಗನ ಕೈಯಾಗಿಂದು ಅಂವ ಕುಡದ ಅಂತ ಹೇಳಾಕ ಬರತದೇನು?'

ಎಂಟು ವರ್ಷ ಊರೂರು ತಿರುಗಿ, ರಾಚವ್ವನ ಮದುವೆಯನ್ನೂ ಸಂಶಯಪಟ್ಟು, ಬಸ್ಸಿನ ಪಕ್ಕದವನ ಮೊಣಕೈಯನ್ನೂ ಬಿಡದೆ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಲ್ಲದರ ತಳ ನೋಡಿದವನು ಬಸವಲಿಂಗ. ಹೊಸ್ತಿಲು ದಾಟುವ ಹಾಗಿಲ್ಲದ ಮನುಷ್ಯ ನಡುಮನೆಯ ಕಪಾಟಿನಿಂದ ಹೇಗೆ ಕದ್ದ ಎಂದು ಒಂದು ದಿನವೂ ಅವನಿಗೆ ಹೊಳೆದಿರಲಿಲ್ಲ. ಅಡಗಿಕೊಳ್ಳಲು ಅವನಿಗೆ ಅವ್ವನ ಹಿಂದೆಯೂ ಜಾಗ ಉಳಿಯಲಿಲ್ಲ.

ಮರುದಿನ ಅಂಗಡಿ ತೆರೆದವನೇ ಹಳೆಯ ಕಾರ್ಡು ಹರಿದು ಹೊಸದನ್ನು ಬರೆಯಲು ಕೂತ. 'ಆರನೆಯದನ್ನು ಆಳಿಗೆ ಕೊಡಲಾಗಿದೆ' ಎಂದು ಬರೆದ. ಓದಿದಾಗ ಇದೂ ಕಳ್ಳಮಾಲು ಅನ್ನಿಸಿತು. ಮನೆಯವರು ಕೊಟ್ಟದ್ದೆಲ್ಲಿ, ಮೈಲಿಗೆಯೆಂದು ಹೊರಗಿಟ್ಟದ್ದಷ್ಟೇ. ಅದನ್ನೂ ಹರಿದ. ಮೂರನೆಯ ಕಾರ್ಡಿನ ಮೇಲೆ, ಚಾಳೀಸಿನ ನಂಬರು ಬರೆಯುವ ದುಂಡು ಅಕ್ಷರದಲ್ಲಿ, ನಿಧಾನವಾಗಿ ಬರೆದ: 'ಆರರ ಸೆಟ್ಟು. ಸಂಪಗಾಂವ. ಆರನೆಯದು ರಾಮದುರ್ಗದಲ್ಲಿ ಶಟ್ಟೆಪ್ಪನವರ ಹತ್ತಿರ ಇದೆ. ಕದ್ದದ್ದಲ್ಲ. ಅವರು ಬಾಯಿ ಹಚ್ಚಿದರೆಂದು ನಾವು ಹೊರಗಿಟ್ಟದ್ದು. ಬಣ್ಣ ಉಳಿದಿರುವುದು ಅದೊಂದರಲ್ಲೇ.'

ಹತ್ತೂವರೆಗೆ ಸೋಮಪ್ಪ ಬಂದ. ಚಹಾ ಬರುವ ತನಕ ಕಪಾಟು ನೋಡುವುದು ಅವನ ರೂಢಿ. ನೋಡಿದ, ಬಾಗಿದ, ಓದಿದ. ಮತ್ತೊಮ್ಮೆ ಓದಿದ. 'ಏನೋ ಇದು ಬಸೂ? ಮನೀ ಒಳಗಿನ ಮಾತು ಪ್ಯಾಟ್ಯಾಗ ತಂದ ಹಚ್ಚೀಯಲ್ಲ. ನಾಳೆ ಮಂದಿ ಏನ ಅಂದಾರು? ತಗಿ ಅದನ್ನ.' ಹೋಟೆಲಿನವನು ಎರಡು ಚಹಾ ಇಟ್ಟು ಹೋದ. ಸೋಮಪ್ಪ ತನ್ನದನ್ನು ಮುಟ್ಟಲಿಲ್ಲ. 'ಅಂಗಡ್ಯಾಗ ಗಿರಾಕಿ ಅದಾರ' ಎಂದು ಎದ್ದ. ಅವನ ಅಂಗಡಿ ಖಾಲಿ ಇದ್ದದ್ದು ಇಬ್ಬರಿಗೂ ಕಾಣುತ್ತಿತ್ತು.

ಅವನು ಹೋದ ಮೇಲೆ ಬಸವಲಿಂಗನ ಕೈ ತಾನಾಗಿಯೇ ಕಪಾಟಿನೊಳಗೆ ಹೋಗಿ ಕಾರ್ಡು ಹಿಡಿಯಿತು. ಅದು ಸ್ವಲ್ಪ ಸೊಟ್ಟಗಿತ್ತು. ಬೀದಿಯಿಂದ ಹೋಗುವವರಿಗೂ ಓದಲು ಬರುವ ಹಾಗೆ ನೆಟ್ಟಗೆ ನಿಲ್ಲಿಸಿದ.